ಮೋಟಾರ್‌ಹೋಮ್ ಒಳನಕ್ಷೆ: ರಾತ್ರಿ ಯಾರು ಯಾರನ್ನು ದಾಟಿ ಹೋಗಬೇಕು?

ಮೋಟಾರ್‌ಹೋಮ್ (ಒಳಗೇ ಮನೆಯಂತೆ ಬದುಕಬಹುದಾದ ಗಾಡಿ) ಕೊಳ್ಳಲು ಹೊರಟ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಎಂಜಿನ್ ಬಗ್ಗೆ ಕೇಳಿದವರು ಕಡಿಮೆ. ಹೆಚ್ಚಿನವರ ತಲೆಬಿಸಿ ಒಳಗಿನದು: ಮಂಚ ಎಲ್ಲಿರಬೇಕು, ಬಚ್ಚಲು ಎಲ್ಲಿರಬೇಕು, ಎಷ್ಟು ಉದ್ದದ ಗಾಡಿ ಸಾಕು. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಇಬ್ಬರೇ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಗಾಡಿಯಲ್ಲೇ ಇರುವ ಯೋಚನೆ. 6 ಮೀಟರಿನ ಫ್ರೆಂಚ್ ಬೆಡ್ ಗಾಡಿ, 6.9 ಮೀಟರಿನ ಟ್ವಿನ್ ಬೆಡ್ ಗಾಡಿ, 7.4 ಮೀಟರಿನ ಐಲ್ಯಾಂಡ್ ಬೆಡ್ ಗಾಡಿ, ಈ ಮೂರೂ ಹಿಡಿಸಿವೆ. ಹೇಗೆ ಆರಿಸುವುದು?

ಕ್ಯಾಟಲಾಗ್ ಮುಚ್ಚಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಬೆಳಿಗ್ಗೆ ಏಳುವುದರಿಂದ ಹಿಡಿದು ಮರುದಿನ ಬೆಳಗಿನವರೆಗೆ ನೀವೇನು ಮಾಡುತ್ತೀರಿ, ಅದೇ ಹೊತ್ತಿನಲ್ಲಿ ನಿಮ್ಮ ಜೊತೆಗಾರರು ಏನು ಮಾಡುತ್ತಾರೆ ಎಂದು ಅಕ್ಕಪಕ್ಕ ಎರಡು ಸಾಲಾಗಿ ಬರೆಯಿರಿ. ಬಿಸಿಲಿರುವ ದಿನದ ಪಟ್ಟಿ ಬೇಡ, ಮಳೆ ಹಿಡಿದು ಇಡೀ ದಿನ ಒಳಗೇ ಕೂರಬೇಕಾದ ದಿನದ್ದು ಬರೆಯಿರಿ. ಆಮೇಲೆ ಆ ಹಾಳೆ ಹಿಡಿದು ಪ್ರತಿ ನಕ್ಷೆಯ ಮೇಲೂ ಬೆರಳಾಡಿಸಿ, ಒಬ್ಬರ ಕೆಲಸ ಇನ್ನೊಬ್ಬರ ದಾರಿಗೆ ಎಲ್ಲೆಲ್ಲಿ ಅಡ್ಡ ಬರುತ್ತದೆ ನೋಡಿ. ಈ ಗಾಡಿಗಳ ನಡುದಾರಿ ಸಾಮಾನ್ಯವಾಗಿ 50–60 ಸೆಂ.ಮೀ. ಅಗಲ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಹಿಂದಿನಿಂದ ಮುಂದೆ ಬರುವಂತಿಲ್ಲ. ಅಡುಗೆಯ ಹೊತ್ತಿಗೇ ಇನ್ನೊಬ್ಬರಿಗೆ ಸ್ನಾನದ ಹೊತ್ತಾಗಿದ್ದು, ಒಲೆ ಇರುವುದು ಬಚ್ಚಲ ಬಾಗಿಲಿನ ಎದುರಿಗೇ ಆದರೆ ಆ ನಕ್ಷೆ ನಿಮ್ಮದಲ್ಲ.

ಹಗಲಿನ ಅಡಚಣೆ ಹೇಗೋ ಸಹಿಸಬಹುದು. ರಾತ್ರಿಯದ್ದು ಹಾಗಲ್ಲ. ಫ್ರೆಂಚ್ ಬೆಡ್ ಎಂದರೆ ಹಿಂಬದಿಯ ಮೂಲೆಗೆ ಒತ್ತಿ ಕೂರಿಸಿದ ಜೋಡಿ ಮಂಚ. ಎರಡು ಕಡೆ ಗೋಡೆ, ಕಾಲ ಕಡೆ ಒಂದು ಮೂಲೆ ಕತ್ತರಿಸಿರುತ್ತಾರೆ. ಗಾಡಿ ಗಿಡ್ಡವಾಗುವುದು ಈ ಉಪಾಯದಿಂದಲೇ. ಆದರೆ ಒಳಗಿನ ಪಕ್ಕದಲ್ಲಿ ಮಲಗಿದವರು ಮಧ್ಯರಾತ್ರಿ ಏಳಬೇಕಾದರೆ ಹೊರಗಿನವರನ್ನು ದಾಟಿಯೇ ಹೋಗಬೇಕು, ಹೊರಗಿನವರ ಪಾದಗಳು ಆ ಕತ್ತರಿಸಿದ ಮೂಲೆಯಿಂದ ಆಚೆ ಚಾಚುತ್ತವೆ. ಅಗಲ 130–140 ಸೆಂ.ಮೀ. ಎಂದು ಬರೆದಿದ್ದರೂ ಕಾಲಿನ ಕಡೆ ಅಷ್ಟು ಸಿಗುವುದಿಲ್ಲ. ವಾರಾಂತ್ಯಕ್ಕೆ ಸರಿ, ಮೂರು ತಿಂಗಳಿಗೆ ಒಗ್ಗುವುದು ಕಷ್ಟ.

ಐಲ್ಯಾಂಡ್ ಬೆಡ್‌ಗೆ ಮೂರು ಕಡೆಯಿಂದಲೂ ದಾರಿಯಿದೆ. ಯಾರೂ ಯಾರನ್ನೂ ದಾಟಬೇಕಿಲ್ಲ, ಚಾದರ ಬದಲಿಸುವುದೂ ಸುಲಭ. ಬೆಲೆ ತೆರುವುದು ಉದ್ದದಲ್ಲಿ: ಸುತ್ತ ಓಡಾಡಲು ಬಿಟ್ಟ ಜಾಗ ಹಗಲಿಡೀ ಖಾಲಿ ಬಿದ್ದಿರುತ್ತದೆ. ಕಾಲ ಕಡೆಯ ಓಣಿಯನ್ನೂ ಅಳೆದು ನೋಡಿ. ಕೆಲವು ಗಾಡಿಗಳಲ್ಲಿ ಹಗಲು ಮಂಚವನ್ನು ತಲೆಕಡೆಗೆ ಸರಿಸಿದಾಗ ಮಾತ್ರ ಓಣಿ ಸರಿಯಾಗಿರುತ್ತದೆ, ರಾತ್ರಿಗೆಂದು ಎಳೆದರೆ 30 ಸೆಂ.ಮೀ. ಕೂಡ ಉಳಿಯುವುದಿಲ್ಲ.

ಇಬ್ಬರೇ ಇದ್ದು, ತಿಂಗಳುಗಟ್ಟಲೆ ಇರುವುದಾದರೆ ನಮ್ಮ ಮತ ಟ್ವಿನ್ ಬೆಡ್‌ಗೆ. ಗೋಡೆಗೊಂದರಂತೆ ಎರಡು ಉದ್ದ ಮಂಚ, ನಡುವೆ ಮೆಟ್ಟಿಲು. ಬೇಕೆನಿಸಿದರೆ ನಡುವಿನ ಸಂದಿಗೆ ಹಲಗೆ, ದಿಂಬು ಹಾಕಿ ಒಂದು ಮಾಡಬಹುದು. ಮಂಚದ ಕೆಳಗೆ ಒಂದು ಕಡೆ ಬಟ್ಟೆ ಬೀರು, ಇನ್ನೊಂದು ಕಡೆ ಸಾಮಾನು. ಒಂದು ತೊಡಕಿದೆ: ಕೆಳಗೆ ದೊಡ್ಡ ಗ್ಯಾರೇಜ್ (ಹೊರಗಿನಿಂದ ತೆರೆಯುವ ಸಾಮಾನು ಗೂಡು) ಇದ್ದರೆ ಮಂಚ ಎತ್ತರಕ್ಕೆ ಹೋಗಿ, ಮೂರು ಮೆಟ್ಟಿಲು ಹತ್ತಿ, ತಲೆ ಬಗ್ಗಿಸಿ ಮಲಗಬೇಕಾಗುತ್ತದೆ. ಹಾಸಿಗೆಯ ಮೇಲೆ ನೇರ ಕುಳಿತು ತಲೆಗೂ ಚಾವಣಿಗೂ ನಡುವೆ ಒಂದು ಗೇಣಾದರೂ ಇದೆಯೇ ನೋಡಿಕೊಳ್ಳಿ. ಎರಡು ಮಂಚಗಳ ಉದ್ದ ಒಂದೇ ಇರುವುದಿಲ್ಲ, ಬಚ್ಚಲ ಕಡೆಯದು ಸಾಮಾನ್ಯವಾಗಿ ಗಿಡ್ಡ. ಅದು ಯಾರ ಪಾಲಿಗೆ ಎನ್ನುವುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಿ.

ಪ್ರಶ್ನೆ: ನಾವು ನಾಲ್ವರು, ಆಗಾಗ ಅಪ್ಪ–ಅಮ್ಮ ಜೊತೆಗೆ ಬರುತ್ತಾರೆ. ‘ಆರು ಜನ ಮಲಗಬಹುದು’ ಎಂದು ಬರೆದಿರುವ 7 ಮೀಟರಿನ ಗಾಡಿ ನೋಡಿದ್ದೇವೆ. ಒಟ್ಟು ತೂಕದ ಮಿತಿ 3,500 ಕೆ.ಜಿ. ಆರು ಜನಕ್ಕೆ ಸಾಕಾಗುತ್ತದೆಯೇ?

ಮಲಗಲು ಸಾಕು, ಹೊರಡಲು ಸಾಲದು. ಕ್ಯಾಟಲಾಗಿನಲ್ಲಿ ಮೂರು ಬೇರೆ ಬೇರೆ ಅಂಕಿಗಳಿರುತ್ತವೆ: ಎಷ್ಟು ಜನ ಮಲಗಬಹುದು, ಎಷ್ಟು ಸೀಟಿಗೆ ಬೆಲ್ಟ್ ಇದೆ, ಎಷ್ಟು ಭಾರ ಹೇರಬಹುದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯದು ಮಾತ್ರ. ಆರು ಮಂಚಗಳ ಗಾಡಿಯಲ್ಲಿ ಬೆಲ್ಟ್ ಇರುವ ಸೀಟು ನಾಲ್ಕೇ ಇರುವುದು ಅಪರೂಪವೇನಲ್ಲ. ಪಕ್ಕಕ್ಕೆ ಮುಖ ಮಾಡಿರುವ ಸೋಫಾವನ್ನು ಪ್ರಯಾಣದ ಸೀಟು ಎಂದು ಲೆಕ್ಕ ಹಾಕಬೇಡಿ. ಬ್ರೇಕ್ ಬಿದ್ದಾಗ ದೇಹ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಬೆಲ್ಟ್ ಇದ್ದರೂ ಅದು ತಡೆಯುವ ದಿಕ್ಕು ಅದಲ್ಲ. ಮಕ್ಕಳ ಸೀಟು ಕಟ್ಟುವುದಾದರೆ ಐಸೋಫಿಕ್ಸ್ ಕೊಂಡಿ ಯಾವ ಸೀಟಿನಲ್ಲಿದೆ, ಆ ಸೀಟು ಕಟ್ಟಿದ ಮೇಲೆ ಮೇಜು ಜಾಗದಲ್ಲೇ ಉಳಿಯುತ್ತದೆಯೇ, ಅದನ್ನೂ ಕೇಳಿ.

ಇನ್ನು ಭಾರ. ಹಲವು ದೇಶಗಳಲ್ಲಿ ಸಾಮಾನ್ಯ ಕಾರು ಲೈಸೆನ್ಸ್‌ನಲ್ಲಿ ಓಡಿಸಬಹುದಾದ ಮಿತಿ 3,500 ಕೆ.ಜಿ. ಆದ್ದರಿಂದಲೇ ತಯಾರಕರು ಅದರೊಳಗೆ ಎಷ್ಟಾಗುತ್ತದೋ ಅಷ್ಟನ್ನೂ ತುರುಕುತ್ತಾರೆ. ಲೆಕ್ಕ ಹೀಗೆ ಹಾಕಿ. ‘ಓಡಲು ಸಿದ್ಧ ಸ್ಥಿತಿಯ ತೂಕ’ 3,020 ಕೆ.ಜಿ. ಇದೆ ಎಂದುಕೊಳ್ಳಿ. ಯುರೋಪಿನ ಲೆಕ್ಕದಲ್ಲಿ ಇದರೊಳಗೆ 75 ಕೆ.ಜಿ.ಯ ಒಬ್ಬ ಚಾಲಕ, ಶೇ 90ರಷ್ಟು ಇಂಧನ ಸೇರಿರುತ್ತದೆ. ಉಳಿಯುವುದು 480. ಇನ್ನೊಬ್ಬ ಹಿರಿಯರು 60, ಮಕ್ಕಳಿಬ್ಬರು 65, ಅಪ್ಪ–ಅಮ್ಮ 125: ಒಟ್ಟು 250 ಹೋಯಿತು, ಉಳಿದದ್ದು 230. ಗಾಡಿಯ ಪಕ್ಕಕ್ಕೆ ಬಿಚ್ಚುವ ನೆರಳಿನ ಚಾವಣಿ 30, ಎರಡನೆಯ ಲೆಡ್ ಬ್ಯಾಟರಿ 25, ಸೋಲಾರ್ ಫಲಕ ಮತ್ತು ಚೌಕಟ್ಟು 15, ಸೈಕಲ್ ಸ್ಟ್ಯಾಂಡ್ ಜೊತೆ ಎರಡು ಸೈಕಲ್ 45. ಈಗ ಉಳಿದದ್ದು 115. ನೀರಿನ ತೊಟ್ಟಿ 100 ಲೀಟರಿನದಾದರೂ ಹಲವು ತಯಾರಕರು ತೂಕದ ಲೆಕ್ಕಕ್ಕೆ 20 ಲೀಟರ್ ಮಾತ್ರ ಹಿಡಿಯುತ್ತಾರೆ. ತುಂಬಿಸಿದರೆ ಇನ್ನೂ 80 ಕೆ.ಜಿ. ಉಳಿದದ್ದು 35. ಬಟ್ಟೆ, ಹಾಸಿಗೆ, ಪಾತ್ರೆ, ದಿನಸಿ, ಮಡಚುವ ಕುರ್ಚಿ ಎಂದು ತಲೆಗೆ 15 ಕೆ.ಜಿ. ಹಿಡಿದರೂ 90 ಆಗುತ್ತದೆ. 55 ಕೆ.ಜಿ. ಮಿತಿ ಮೀರಿತು.

ಇಷ್ಟಕ್ಕೇ ಮುಗಿಯಲಿಲ್ಲ. ಕ್ಯಾಟಲಾಗಿನ ತೂಕದಲ್ಲಿ ಶೇ 5ರಷ್ಟು ಏರುಪೇರಿಗೆ ಯುರೋಪಿನ ನಿಯಮವೇ ಅವಕಾಶ ಕೊಟ್ಟಿದೆ. 3,020ಕ್ಕೆ ಅದು 151 ಕೆ.ಜಿ.! ಆದ್ದರಿಂದ ನೀವು ಕೊಳ್ಳುವ ಗಾಡಿಯನ್ನೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ಪಡೆಯುವವರೆಗೆ ಯಾವ ಅಂಕಿಯನ್ನೂ ನಂಬಬೇಡಿ.

ನಮ್ಮ ಸಲಹೆ: ನಾಲ್ವರ ಬದುಕಿಗೆ ಒಪ್ಪುವ ನಕ್ಷೆ ಕೊಳ್ಳಿ. ಅಪ್ಪ–ಅಮ್ಮ ಬಂದಾಗ ಅವರ ರಾತ್ರಿಗೆ ಬೇರೆ ಏರ್ಪಾಡು ನೋಡಿ. ವರ್ಷಕ್ಕೆ ಹತ್ತು ರಾತ್ರಿಯ ಅತಿಥಿಗಳಿಗಾಗಿ ಉಳಿದ ಎಲ್ಲ ದಿನ ಇಕ್ಕಟ್ಟಿನಲ್ಲಿರುವುದು ಬುದ್ಧಿವಂತಿಕೆಯಲ್ಲ. ನಾಲ್ವರಿಗಾದರೆ ಮಕ್ಕಳಿಗೆ ಹಿಂಬದಿಯಲ್ಲಿ ಬಂಕ್ (ಒಂದರ ಮೇಲೊಂದು ಮಂಚ), ಹಿರಿಯರಿಗೆ ಚಾಲಕರ ಕ್ಯಾಬಿನ್ ಮೇಲಿನ ಅಥವಾ ಚಾವಣಿಯಿಂದ ಇಳಿಯುವ ಮಂಚ ಒಳ್ಳೆಯ ಜೋಡಣೆ. ಮಕ್ಕಳು ಎಂಟಕ್ಕೆ ಮಲಗಿದರೂ ನಡುವಿನ ಕೂರುವ ಜಾಗ ನಿಮಗೆ ಉಳಿಯುತ್ತದೆ. ಇದನ್ನೇ ತಿರುವಿ ಹಾಕಿ, ಮಕ್ಕಳನ್ನು ಮೇಜಿನ ಮೇಲೆ ಇಳಿಯುವ ಮಂಚಕ್ಕೆ ಹತ್ತಿಸಿದರೆ ಆ ಹೊತ್ತಿಗೇ ಇಡೀ ಮನೆ ಮಲಗಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಮೇಲಿನ ಬಂಕ್ ಬೇಡ. ದೊಡ್ಡವರನ್ನು ಮಲಗಿಸುವ ಮೊದಲು ಬಂಕ್ ಎಷ್ಟು ಕೆ.ಜಿ. ತಾಳುತ್ತದೆ ಎಂಬ ಚೀಟಿಯನ್ನು ಓದಿ.

ಪ್ರಶ್ನೆ: ನನ್ನ ಎತ್ತರ 183 ಸೆಂ.ಮೀ. ಪ್ಯಾನೆಲ್ ವ್ಯಾನಿನಲ್ಲಿ ಅಡ್ಡ ಮಂಚ ಸಾಕಾಗುತ್ತದೆಯೇ?

ಅಳೆದೇ ನೋಡಬೇಕು. ಸರಕು ವ್ಯಾನನ್ನೇ ಮನೆಯಾಗಿ ಮಾರ್ಪಡಿಸುವ ಈ ವರ್ಗದಲ್ಲಿ ಹೆಚ್ಚು ಬಳಕೆಯಲ್ಲಿರುವ ಫಿಯೆಟ್ ಡುಕಾಟೋ ವ್ಯಾನಿನ ಸರಕು ಭಾಗದ ಒಳ ಅಗಲ ಅತಿ ಹೆಚ್ಚೆಂದರೆ 187 ಸೆಂ.ಮೀ. ಶಾಖ ತಡೆಯುವ ಪದರ, ಒಳಹಲಗೆ ಸೇರಿದ ಮೇಲೆ ಇದು ಇನ್ನೂ ಕುಗ್ಗುತ್ತದೆ. ತಯಾರಕರು ಮಂಚದ ತಲೆ, ಕಾಲಿನ ಮಟ್ಟದಲ್ಲಿ ಮಾತ್ರ ಪದರವನ್ನು ತೆಳುಮಾಡಿಯೋ, ಹೊರಗೋಡೆಗೆ ಉಬ್ಬು ಕೂರಿಸಿಯೋ ಕೆಲವು ಸೆಂ.ಮೀ. ಗಳಿಸುತ್ತಾರೆ. ಹಾಯಾಗಿ ಮಲಗಲು ಎತ್ತರಕ್ಕಿಂತ 10 ಸೆಂ.ಮೀ. ಹೆಚ್ಚು ಬೇಕು, ಅಂದರೆ ನಿಮಗೆ 193. ಹಾಸಿಗೆಯನ್ನು ಅಳೆಯಿರಿ, ಹಲಗೆಯನ್ನಲ್ಲ. ಎರಡೂ ತುದಿಗಳಲ್ಲಿ ಗೋಡೆಯ ಬಾಗುವಿಕೆ ಹಾಸಿಗೆಯ ಮೇಲ್ಮೈಯಲ್ಲಿ ಎಷ್ಟು ತಿನ್ನುತ್ತದೆ ನೋಡಿ. ಸಾಲದಿದ್ದರೆ 6.36 ಮೀಟರಿನ ಉದ್ದ ವ್ಯಾನಿನಲ್ಲಿ ಉದ್ದಕ್ಕೆ ಮಲಗುವ ಟ್ವಿನ್ ಬೆಡ್ ಹುಡುಕಿ. ಇದಕ್ಕಿಂತ ಗಿಡ್ಡ ವ್ಯಾನಿನ 5.99 ಮೀಟರಿಗೂ ಈ 6.36ಕ್ಕೂ ನಡುವೆ 37 ಸೆಂ.ಮೀ. ಅಷ್ಟೇ ಅಂತರ, ಆದರೆ ಮಲಗುವ ದಿಕ್ಕನ್ನೇ ಬದಲಿಸಬಲ್ಲ ಅಂತರ ಅದು.

ಪ್ರಶ್ನೆ: ನಮ್ಮಲ್ಲಿರುವ ವ್ಯಾನಿನ ಅಡ್ಡ ಮಂಚದ ಹಾಸಿಗೆ ಎತ್ತಿ ನೋಡಿದಾಗ ಅಡಿಯಲ್ಲಿ ಕಪ್ಪು ಚುಕ್ಕೆ, ಒದ್ದೆ. ನೀರು ಸೋರುತ್ತಿದೆಯೇ?

ಚುಕ್ಕೆಗಳು ಹಾಸಿಗೆಯ ಅಡಿ, ಗೋಡೆಗೆ ತಾಗುವ ತುದಿಯಲ್ಲಿ ಮಾತ್ರ ಇದ್ದರೆ ಸೋರಿಕೆಗಿಂತ ನಿಮ್ಮ ಉಸಿರೇ ಕಾರಣ ಇರಬಹುದು. ಇಬ್ಬರು ಮಲಗಿದರೆ ಒಂದು ರಾತ್ರಿಗೆ ಉಸಿರು, ಬೆವರಿನಿಂದ ಅರ್ಧ ಲೀಟರಿನಷ್ಟು ತೇವ ಗಾಳಿಗೆ ಸೇರುತ್ತದೆ. ಹಾಸಿಗೆಯೊಳಗೆ ಇಳಿದ ಆ ತೇವ ತಣ್ಣಗಿನ ಹಲಗೆ, ಗೋಡೆ ತಾಗಿದಲ್ಲಿ ನೀರಾಗುತ್ತದೆ. ಅಡಿಯಲ್ಲಿ ಗಾಳಿಯಾಡದಿದ್ದರೆ ಒಣಗುವ ಅವಕಾಶವೇ ಇಲ್ಲ. ಪ್ಲೈವುಡ್ ಹಲಗೆಯಿದ್ದರೆ ಪಟ್ಟಿ ಮಂಚ ಮಾಡಿಸಿ ಅಥವಾ ಗಾಳಿಯಾಡುವ ಜಾಲರಿ ಪದರ ಹಾಸಿ. ಹಾಸಿಗೆಗೂ ಗೋಡೆಗೂ ನಡುವೆ 2 ಸೆಂ.ಮೀ. ಬಿಡಿ. ರಾತ್ರಿ ಚಾವಣಿ ಕಿಂಡಿಯನ್ನು ಒಂದು ಬೆರಳಷ್ಟಾದರೂ ತೆರೆದಿಟ್ಟು ಮಲಗಿ, ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಲಿಸಿ. ಒದ್ದೆ ಮೂಲೆಯಿಂದ ಮೇಲಕ್ಕೆ ಹರಡಿದ್ದು, ಮಳೆ ಬಂದ ಮರುದಿನ ಹೆಚ್ಚಾಗುತ್ತಿದ್ದರೆ ಮಾತ್ರ ಕಿಟಕಿ, ಜೋಡಣೆಯ ಸೀಲಂಟ್ ಪರೀಕ್ಷಿಸಿ. ಹೊಸ ಗಾಡಿ ನೋಡುವವರಿಗೂ ಈ ಮಾತು ಅನ್ವಯಿಸುತ್ತದೆ: ಹೀಟರಿನ ಗಾಳಿಕೊಳವೆ ಮಂಚದ ಕೆಳಗೆ ಹಾಯುವ ನಕ್ಷೆಯಲ್ಲಿ ಈ ತೊಂದರೆ ಕಡಿಮೆ.

ಪ್ರಶ್ನೆ: ಬಚ್ಚಲು ಮತ್ತು ಶೌಚ ಒಂದೇ ಕೋಣೆಯಲ್ಲಿರಬೇಕೇ, ಬೇರೆಯೇ? ನಡುವಿನಲ್ಲೋ, ಹಿಂಬದಿಯಲ್ಲೋ?

ಮೊದಲು ನೀವು ಗಾಡಿಯೊಳಗೆ ನಿಜವಾಗಿ ಸ್ನಾನ ಮಾಡುತ್ತೀರಾ ಹೇಳಿ. ಬಹುಪಾಲು ಜನ ತಂಗುದಾಣಗಳ ಸ್ನಾನಗೃಹವನ್ನೇ ಬಳಸುತ್ತಾರೆ. ಅವರ ಗಾಡಿಯ ಪ್ರತ್ಯೇಕ ಶವರ್ ಕೋಣೆ ಕೊನೆಗೆ ಒದ್ದೆ ಕೋಟು, ಚಪ್ಪಲಿ, ಕೊಳೆ ಬಟ್ಟೆಯ ಗೂಡಾಗುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಮೂರು ನಿಮಿಷ ನೀರು ಬಿಟ್ಟರೆ 15 ಲೀಟರ್. ಇಬ್ಬರ ಸ್ನಾನಕ್ಕೆ ದಿನಕ್ಕೆ 30. ಅಡುಗೆ, ತೊಳೆಯುವುದು ಸೇರಿದರೆ 100 ಲೀಟರಿನ ತೊಟ್ಟಿ ಎರಡು ದಿನ ದಾಟುವುದು ಕಷ್ಟ. ಕೊಳೆನೀರಿನ ತೊಟ್ಟಿಯೂ ಅಷ್ಟೇ ದೊಡ್ಡದಿದೆಯೇ ನೋಡಿ, ಇಲ್ಲದಿದ್ದರೆ ಮೊದಲು ತುಂಬುವುದು ಅದೇ. ಶೌಚದ ಕ್ಯಾಸೆಟ್ (ಹೊರತೆಗೆದು ಖಾಲಿ ಮಾಡುವ ಮಲದ ತೊಟ್ಟಿ) ಹೆಚ್ಚಿನ ಗಾಡಿಗಳಲ್ಲಿ 17–20 ಲೀಟರ್. ಇಬ್ಬರು ಪೂರ್ತಿ ಬಳಸಿದರೆ ಎರಡು ಮೂರು ದಿನ.

ಸಂಯುಕ್ತ ಬಚ್ಚಲು, ಅಂದರೆ ಶೌಚದ ಕೋಣೆಯಲ್ಲೇ ಶವರ್, ಸುಮಾರು ಅರ್ಧ ಮೀಟರ್ ಉದ್ದ ಉಳಿಸುತ್ತದೆ. ಅದರ ತೊಂದರೆ ಸ್ನಾನದ ಆಮೇಲಿನದು: ನೆಲ ಒದ್ದೆ, ಒಳಗೆ ಹೋದವರ ಕಾಲುಚೀಲ ಒದ್ದೆ. ತಿರುಗುವ ಗೋಡೆಯಿದ್ದು ಶವರ್ ಮಾಡುವಾಗ ಶೌಚ, ಬೇಸಿನ್ ಅದರ ಹಿಂದೆ ಮರೆಯಾಗುವ ಜೋಡಣೆ ಇವೆರಡರ ನಡುವಿನ ಒಳ್ಳೆಯ ದಾರಿ. ಹಿಂಜ್ ಮತ್ತು ಸೀಲ್ ಗಟ್ಟಿಯಿರಬೇಕು, ಕೈಯಿಂದ ಅಲ್ಲಾಡಿಸಿ ನೋಡಿ. ಶವರ್ ತಟ್ಟೆಗೆ ಎದುರುಬದುರು ಎರಡು ತೂತುಗಳಿರಲಿ. ಗಾಡಿ ಸ್ವಲ್ಪ ಓರೆ ನಿಂತಾಗ ಒಂದೇ ತೂತಿದ್ದರೆ ನೀರು ಇನ್ನೊಂದು ಮೂಲೆಯಲ್ಲಿ ನಿಂತುಬಿಡುತ್ತದೆ.

ನಡುವಿನ ಬಚ್ಚಲಿನ ದೊಡ್ಡ ಲಾಭ, ಬಾಗಿಲು ತೆರೆದು ಓಣಿಗೆ ಅಡ್ಡ ಹಿಡಿದರೆ ಮಲಗುವ ಭಾಗ ಒಂದು ಕೋಣೆಯೇ ಆಗುತ್ತದೆ. ಹಿಂಬದಿಯ ಅಗಲ ಬಚ್ಚಲು ವಿಶಾಲ, ಆದರೆ ಅಲ್ಲಿಗೆ ಹೋಗಲು ಮಲಗುವ ಜಾಗವನ್ನೋ ಅಡುಗೆಯ ಜಾಗವನ್ನೋ ದಾಟಲೇಬೇಕು. ಇಬ್ಬರಿಗಾದರೆ ಅದರಿಂದ ತೊಂದರೆಯಿಲ್ಲ, ನಾಲ್ವರಿಗೆ ಬೇಡ.

ಪ್ರಶ್ನೆ: ಇಬ್ಬರೂ ಗಾಡಿಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತೇವೆ. ನಾನು ಬೆಳಿಗ್ಗೆ ಐದಕ್ಕೆ ಶುರು ಮಾಡಿದರೆ ಅವರು ಏಳುವುದು ಎಂಟಕ್ಕೆ. ಯಾವ ನಕ್ಷೆ?

ಮಲಗಿದವರಿಗೂ ಕೆಲಸಕ್ಕೆ ಕುಳಿತವರಿಗೂ ನಡುವೆ ಗಟ್ಟಿ ಬಾಗಿಲಿರುವ ನಕ್ಷೆ, ಅಂದರೆ ಹಿಂದೆ ಸ್ಥಿರ ಮಂಚ, ನಡುವೆ ಬಚ್ಚಲು, ಮುಂದೆ ಮೇಜು. ಪರದೆ ಬೆಳಕು ತಡೆಯುತ್ತದೆ, ಸದ್ದು ತಡೆಯುವುದಿಲ್ಲ. ಹಗಲು ಸೋಫಾ, ರಾತ್ರಿ ಮಂಚ ಆಗುವ ಹಿಂಬದಿಯ ಲೌಂಜ್ ನಿಮಗೆ ಹೇಳಿದ್ದಲ್ಲ, ಒಬ್ಬರು ಏಳದೆ ಇನ್ನೊಬ್ಬರ ಮೇಜು ಹುಟ್ಟುವುದಿಲ್ಲ.

ಇಬ್ಬರಿಗೆ ಎರಡು ಕೂರುವ ಜಾಗ ಬೇಕು, ಎದುರುಬದುರು ಒಂದೇ ಮೇಜಲ್ಲ. ಒಬ್ಬರ ಕರೆ ಇನ್ನೊಬ್ಬರ ಮೈಕಿಗೆ ಕೇಳಿಸದಿರಲಿ. ಸುಲಭ ದಾರಿ: ಮುಂದಿನ ಮೇಜಿನ ಜೊತೆಗೆ, ಟ್ವಿನ್ ಬೆಡ್ ಪಕ್ಕದಲ್ಲಿ ಅಥವಾ ತಿರುಗುವ ಪ್ರಯಾಣಿಕ ಸೀಟಿನ ಬಳಿ ತಿರುಗುವ ತೋಳಿನ ಚಿಕ್ಕ ಮೇಜು. ತಿರುಗುವ ಸೀಟು ಕೂರಲು ಚೆನ್ನಾಗಿದೆ ಎನ್ನುವ ಮೊದಲು ಅದರಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಕ್ಯಾಬಿನ್ ನೆಲ ಒಳಗಿನ ನೆಲಕ್ಕಿಂತ ತಗ್ಗಿದ್ದರೆ ಸೀಟು ತಿರುಗಿಸಿದಾಗ ಕಾಲು ನೇತಾಡುತ್ತದೆ, ತೊಡೆ ಜೋಮು ಹಿಡಿಯುತ್ತದೆ.

ವಿದ್ಯುತ್ ಲೆಕ್ಕ ನಕ್ಷೆಗೂ ಸಂಬಂಧಿಸಿದ್ದು. 60 ವ್ಯಾಟಿನ ಲ್ಯಾಪ್‌ಟಾಪ್ 8 ಗಂಟೆಗೆ 480 ವ್ಯಾಟ್-ಅವರ್. 12 ವೋಲ್ಟಿನಲ್ಲಿ 40 ಆಂಪಿಯರ್-ಅವರ್, ಇನ್‌ವರ್ಟರ್ ನಷ್ಟ ಸೇರಿ 45. ಇಬ್ಬರಿಗೆ 90. ಕಂಪ್ರೆಸರ್ ಫ್ರಿಜ್ ದಿನಕ್ಕೆ 30ರಿಂದ 50 ಎಳೆಯುತ್ತದೆ. ಲೆಡ್ ಬ್ಯಾಟರಿಯಲ್ಲಿ ಅರ್ಧದಷ್ಟು ಮಾತ್ರ ಬಳಸಬೇಕು, 100 ಆಂಪಿಯರ್-ಅವರ್‌ನಲ್ಲಿ ನಿಮಗೆ ಸಿಗುವುದು 50. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಾದರೆ 80–90 ಸಿಗುತ್ತದೆ, ತೂಕವೂ ಅರ್ಧಕ್ಕಿಂತ ಕಡಿಮೆ. ಲಿಥಿಯಂನಲ್ಲಿ ನಿಮಗೆ 200 ಬೇಕು. ಅದನ್ನು ತುಂಬಿಸುವ ಸೋಲಾರ್ ಫಲಕಕ್ಕೆ ಚಾವಣಿಯಲ್ಲಿ ಜಾಗವಿದೆಯೇ? ದೊಡ್ಡ ಗಾಜಿನ ಕಿಂಡಿಗಳು ನಾಲ್ಕೈದು ಇರುವ ಗಾಡಿ ಒಳಗಿನಿಂದ ನೋಡಲು ಚೆಂದ, ಮೇಲೆ ಹತ್ತಿದರೆ ಫಲಕ ಕೂರಿಸಲು ತುಂಡು ತುಂಡು ಜಾಗ. ಇನ್ನೊಂದು ಮಾತು: ಫ್ರಿಜ್ ದಿಂಬಿನ ಪಕ್ಕದ ಗೋಡೆಯಾಚೆಗಿದ್ದರೆ ರಾತ್ರಿಯಿಡೀ ಕಂಪ್ರೆಸರ್ ಸದ್ದು ಕೇಳುತ್ತಿರುತ್ತದೆ.

ಪ್ರಶ್ನೆ: ಸೈಕಲ್‌ಗಳನ್ನು ಹಿಂದೆ ಸ್ಟ್ಯಾಂಡಿಗೆ ಹಾಕುವುದೋ, ಗ್ಯಾರೇಜ್ ಇರುವ ನಕ್ಷೆ ಕೊಳ್ಳುವುದೋ? ಎರಡು ಇ-ಸೈಕಲ್ ಇವೆ.

ಗ್ಯಾರೇಜ್. ಕಾರಣ ಕಳ್ಳರ ಭಯವೊಂದೇ ಅಲ್ಲ. ಹಿಂಚಕ್ರದ ಅಚ್ಚಿಗಿಂತ ಹಿಂದೆ ಇಟ್ಟ ಭಾರ ಸನ್ನೆಗೋಲಿನಂತೆ ಕೆಲಸ ಮಾಡಿ ಮುಂಭಾಗವನ್ನು ಎತ್ತುತ್ತದೆ. ಮುಂದಿನ, ಹಿಂದಿನ ಅಚ್ಚುಗಳ ನಡುವೆ 4 ಮೀಟರ್ ಇದೆ, ಸ್ಟ್ಯಾಂಡ್ ಹಿಂದಿನ ಅಚ್ಚಿನಿಂದ 2.4 ಮೀಟರ್ ಹಿಂದಿದೆ, ಎರಡು ಸೈಕಲ್ ಮತ್ತು ಸ್ಟ್ಯಾಂಡ್ ಸೇರಿ 60 ಕೆ.ಜಿ. ಎಂದುಕೊಳ್ಳಿ. ಹಿಂದಿನ ಅಚ್ಚಿಗೆ ಬೀಳುವುದು 60 × 6.4 ÷ 4, ಅಂದರೆ 96 ಕೆ.ಜಿ. ಮುಂದಿನ ಅಚ್ಚು 36 ಕೆ.ಜಿ. ಹಗುರವಾಗುತ್ತದೆ. ಅದೇ ಭಾರ ಗ್ಯಾರೇಜಿನಲ್ಲಿ, ಅಚ್ಚಿನಿಂದ 1.2 ಮೀಟರ್ ಹಿಂದೆ ಇದ್ದರೆ 78 ಮತ್ತು 18. ಮುಂಚಕ್ರ ಎಳೆಯುವ ಗಾಡಿಗಳಲ್ಲಿ ಇದು ದೊಡ್ಡ ವ್ಯತ್ಯಾಸ: ಒದ್ದೆ ಹುಲ್ಲಿನ ಮೇಲೆ, ಏರಿನಲ್ಲಿ ಚಕ್ರ ಹಿಡಿತವಿಲ್ಲದೆ ಸುಮ್ಮನೆ ಸುತ್ತುವುದು ಹೀಗೇ. ಒಟ್ಟು ತೂಕ ಮಿತಿಯೊಳಗೇ ಇದ್ದು ಹಿಂದಿನ ಅಚ್ಚು ಮಾತ್ರ ಮಿತಿ ಮೀರುವುದು ಗ್ಯಾರೇಜ್ ಗಾಡಿಗಳ ಹಳೆಯ ಕಾಯಿಲೆ. ಹಾಗಾಗಿ ತೂಕ ಹಾಕಿಸುವಾಗ ಎರಡೂ ಅಚ್ಚುಗಳನ್ನು ಬೇರೆ ಬೇರೆ ತೂಗಿಸಿ.

ಗ್ಯಾರೇಜ್ ಎಂದು ಕರೆದದ್ದೆಲ್ಲ ಸೈಕಲ್ ಹಿಡಿಸುವುದಿಲ್ಲ. ಒಳಗಿನ ಎತ್ತರ 110–120 ಸೆಂ.ಮೀ. ಇದ್ದರೂ ಬಾಗಿಲಿನ ಎತ್ತರ ಅದಕ್ಕಿಂತ ಕಡಿಮೆ ಇರುತ್ತದೆ. ಸೈಕಲನ್ನೇ ಒಯ್ದು ಒಳಗೆ ನೂಕಿ ನೋಡುವುದಕ್ಕಿಂತ ಒಳ್ಳೆಯ ಅಳತೆಯಿಲ್ಲ. ಹ್ಯಾಂಡಲ್ ಬಾರ್ ತಿರುಗಿಸಬೇಕೋ, ಸೀಟು ಇಳಿಸಬೇಕೋ, ಎರಡನೆಯದು ಮೊದಲನೆಯದರ ಪೆಡಲಿಗೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಗೊತ್ತಾಗುತ್ತದೆ. ಗ್ಯಾರೇಜ್ ನೆಲ ತಾಳುವ ಭಾರದ ಚೀಟಿ ಬಾಗಿಲ ಬಳಿ ಅಂಟಿಸಿರುತ್ತಾರೆ, ಅದನ್ನೂ ಓದಿ. ಹಿಂದಿನ ಚಾಚು ಉದ್ದವಿರುವ ಗಾಡಿ ತಿರುವಿನಲ್ಲಿ ಬಾಲ ಬೀಸುತ್ತದೆ: ಸ್ಟೀರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದರೆ ಹಿಂದಿನ ಎಡಮೂಲೆ ಎಡಕ್ಕೆ ಹೊರಳಿ ಪಕ್ಕದ ಕಂಬಕ್ಕೆ ಬಡಿಯುತ್ತದೆ.

ಪ್ರಶ್ನೆ: ಸ್ಲೈಡ್-ಔಟ್ (ಗಾಡಿ ನಿಂತಾಗ ಹೊರಕ್ಕೆ ಚಾಚುವ ಕೋಣೆಯ ಭಾಗ) ಇರುವ ದೊಡ್ಡ ಗಾಡಿ ಒಳಗೆ ಹೋದರೆ ಬಂಗಲೆಯ ಹಾಗಿದೆ. ಕೊಳ್ಳಬಹುದೇ?

ಮಾರುವವರು ಸ್ಲೈಡ್-ಔಟ್ ಹೊರಗೆ ಚಾಚಿಯೇ ತೋರಿಸುತ್ತಾರೆ. ಒಳಗೆಳೆಯಲು ಹೇಳಿ, ಆಮೇಲೆ ಒಳಗೆ ಹೋಗಿ. ಶೌಚಕ್ಕೆ ದಾರಿ ಇದೆಯೇ? ಫ್ರಿಜ್ ಬಾಗಿಲು ತೆರೆಯುತ್ತದೆಯೇ? ಮಂಚದ ಮೇಲೆ ಒಂದು ಗಂಟೆ ಒರಗಲಾಗುತ್ತದೆಯೇ? ದಾರಿ ಬದಿಯಲ್ಲಿ, ಇಕ್ಕಟ್ಟಿನ ನಿಲುಗಡೆಯಲ್ಲಿ, ಮೋಟಾರ್ ಕೆಟ್ಟು ನಿಂತಾಗ ನೀವು ಬದುಕಬೇಕಾದ ನಕ್ಷೆ ಅದು. ಕೈಯಿಂದ ಒಳಗೆಳೆಯುವ ವ್ಯವಸ್ಥೆ ಎಲ್ಲಿದೆ, ಅದಕ್ಕೆ ಬೇಕಾದ ಹಿಡಿ ಗಾಡಿಯಲ್ಲೇ ಇದೆಯೇ ಎಂದೂ ಕೇಳಿ. ಸುತ್ತಲಿನ ರಬ್ಬರ್ ಸೀಲ್ ಒಣಗಿ ಬಿರಿದಿದ್ದರೆ ಮಳೆನೀರು ನೆಲದ ಹಲಗೆಗೆ ಇಳಿಯುತ್ತದೆ. ಸ್ಲೈಡ್-ಔಟಿನ ನೆಲದ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಹೊರಟುಬನ್ನಿ.

ಪ್ರಶ್ನೆ: ಹಳೆಯ ಗಾಡಿಯೊಂದು ಒಳ್ಳೆಯ ಸ್ಥಿತಿಯಲ್ಲಿದೆ, ಆದರೆ ಹಿಂದೆ ‘ಯು’ ಆಕಾರದ ಲೌಂಜ್. ಅದನ್ನು ಕಿತ್ತು ಸ್ಥಿರ ಮಂಚ ಮಾಡಿಸಬಹುದೇ?

ಮಾಡಬಹುದು, ಆದರೆ ಕೀಳುವ ಮೊದಲು ಪ್ರತಿ ಸೋಫಾದ ಹಲಗೆ ಎತ್ತಿ ಅಡಿಯಲ್ಲಿರುವುದನ್ನು ಪಟ್ಟಿ ಮಾಡಿ. ನೀರಿನ ತೊಟ್ಟಿ, ಹೀಟರ್, ಬ್ಯಾಟರಿ, ಚಾರ್ಜರ್ ಇವೆಲ್ಲ ಅಲ್ಲೇ ಅಡಗಿರುತ್ತವೆ. ಹೀಟರಿನ ಸುತ್ತ ತಯಾರಕರು ಹೇಳಿದಷ್ಟು ಗಾಳಿಯ ಜಾಗ ಬಿಡಬೇಕು. ಮಂಚದ ಕೆಳಗೆ ಬಟ್ಟೆ ಮೂಟೆ ತುರುಕಿ ಗಾಳಿಕಿಂಡಿ ಮುಚ್ಚಿದರೆ ಬೆಂಕಿಗೆ ದಾರಿ. ಬೆಲ್ಟ್ ಇರುವ ಸೀಟಿನ ಚೌಕಟ್ಟು ಗಾಡಿಯ ಚಾಸಿಗೆ ಬೋಲ್ಟಾಗಿರುತ್ತದೆ. ಅದನ್ನು ತೆಗೆದರೆ ನೋಂದಣಿಯಲ್ಲಿರುವ ಆಸನ ಸಂಖ್ಯೆ ಬದಲಾಗುತ್ತದೆ, ಬೇರೆಡೆ ಮರದ ಪೆಟ್ಟಿಗೆಗೆ ಬೆಲ್ಟ್ ಕೂರಿಸುವುದಂತೂ ಕೂಡದು. ಭಾರವನ್ನು ಎಡಬಲ ತೂಗಿಸಿ ಹಂಚಿ. ಒಲೆ, ಫ್ರಿಜ್, ತೊಟ್ಟಿ ಮೂರೂ ಒಂದೇ ಪಕ್ಕಕ್ಕೆ ಬಿದ್ದರೆ ಗಾಡಿ ಆ ಕಡೆಗೆ ವಾಲಿ, ಆ ಪಕ್ಕದ ಟೈರ್ ಬೇಗ ಸವೆಯುತ್ತದೆ. ಮೊದಲು ಒಂದು ವಾರ ಲೌಂಜನ್ನೇ ಮಂಚವಾಗಿ ಬಿಟ್ಟು, ಹಗಲೂ ಮಡಚದೆ ಬದುಕಿ ನೋಡಿ. ಕೂರಲು ಜಾಗವಿಲ್ಲದೆ ಒದ್ದಾಡಿದರೆ ಖರ್ಚು ಉಳಿಯಿತು.

ಪ್ರಶ್ನೆ: ಮೊಣಕಾಲು ನೋವಿದೆ. ಏನು ನೋಡಬೇಕು?

ಮೆಟ್ಟಿಲು ಎಣಿಸಿ. ಹೊರಬಾಗಿಲಿಗೆ ಎಷ್ಟು, ಕ್ಯಾಬಿನ್‌ನಿಂದ ಒಳಗೆ ಬರಲು ಎಷ್ಟು, ಮಂಚಕ್ಕೆ ಎಷ್ಟು, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ. ಐಲ್ಯಾಂಡ್ ಬೆಡ್‌ನಲ್ಲಿ ಎತ್ತರ ಹೊಂದಿಸಬಹುದಾದ ಮಾದರಿಗಳಿವೆ: ಗ್ಯಾರೇಜ್ ಖಾಲಿಯಿದ್ದಾಗ ಮಂಚ ಇಳಿಸಿಕೊಳ್ಳಬಹುದು. ಕ್ಯಾಬಿನ್ ಮೇಲಿನ, ಏಣಿ ಹತ್ತುವ ಮಂಚವನ್ನು ಮರೆತುಬಿಡಿ. ನೆಲದ ಮಟ್ಟ ಬದಲಾಗುವ ಜಾಗದಲ್ಲಿ ದೀಪ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಪ್ರಶ್ನೆ: ಷೋರೂಮಿಗೆ ಹೋದಾಗ ಒಂದು ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲಿ ಏನೇನು ಮಾಡಬೇಕು?

ಅಳತೆ ಟೇಪು, ಹೊದೆಯುವ ದಪ್ಪ ಕೋಟು, ಮನೆಯ ದೊಡ್ಡ ಬಾಣಲೆ ಒಯ್ಯಿರಿ. ಜೊತೆಗೆ ಬದುಕುವ ಎಲ್ಲರೂ ಬರಬೇಕು. ಮಾರುವವರನ್ನು ಹೊರಗೆ ನಿಲ್ಲಲು ವಿನಂತಿಸಿ, ಬಾಗಿಲು ಹಾಕಿಕೊಳ್ಳಿ.

ಮೊದಲು ಮಲಗಿ. ಇಬ್ಬರೂ, ನಿಮ್ಮ ನಿಮ್ಮ ಪಕ್ಕದಲ್ಲಿ, ಹತ್ತು ನಿಮಿಷ. ನಾಚಿಕೆ ಬೇಡ. ಒಳಗಿನವರು ಎದ್ದು ಶೌಚಕ್ಕೆ ಹೋಗಿ ವಾಪಸ್ ಬರಲಿ, ಕಣ್ಣು ಮುಚ್ಚಿಕೊಂಡು ಗೋಡೆ ತಡವುತ್ತಾ. ಶೌಚದ ಮೇಲೆ ಬಾಗಿಲು ಮುಚ್ಚಿ ಕುಳಿತು ಮೊಣಕಾಲು ಎಲ್ಲಿ ತಾಗುತ್ತದೆ ನೋಡಿ. ಬೇಸಿನ್‌ಗೆ ಬಗ್ಗಿ ಮುಖ ತೊಳೆಯುವ ಹಾಗೆ ಮಾಡಿ, ಮೇಲಿನ ಕಪಾಟಿಗೆ ಹಣೆ ಬಡಿಯುತ್ತದೆಯೇ? ಆ ದಪ್ಪ ಕೋಟು ಶವರಿನೊಳಗೆ ನಿಂತು ಹಾಕಿ, ತೆಗೆಯಿರಿ. ಮೊಣಕೈ ಎಷ್ಟು ಸಲ ತಾಗಿತೋ ಸ್ನಾನದಲ್ಲೂ ಅಷ್ಟು ಸಲ ತಾಗುತ್ತದೆ.

ಬಾಣಲೆಯನ್ನು ಒಲೆಯ ಮೇಲಿಡಿ. ಪಕ್ಕದ ಒಲೆಗೆ ಜಾಗ ಉಳಿಯಿತೇ? ಸಿಂಕಿಗೆ ಮುಚ್ಚಳ ಹಾಕಿದ ಮೇಲೆ ಹೆಚ್ಚಲು ಎಷ್ಟು ಅಗಲ ಸಿಗುತ್ತದೆ? 40 ಸೆಂ.ಮೀ.ಗಿಂತ ಕಡಿಮೆಯಿದ್ದರೆ ದಿನವೂ ಮೇಜಿನ ಮೇಲೆ ಹೆಚ್ಚುವುದಾಗುತ್ತದೆ. ಫ್ರಿಜ್, ಬಚ್ಚಲು, ಹೊರಬಾಗಿಲು, ಸೆಳೆಖಾನೆ ಎಲ್ಲವನ್ನೂ ಒಟ್ಟಿಗೆ ತೆರೆದು ಯಾವುದಕ್ಕೆ ಯಾವುದು ಬಡಿಯುತ್ತದೆ ನೋಡಿ. ಆಮೇಲೆ ಇಳಿಯುವ ಮಂಚವನ್ನು ಪೂರ್ತಿ ಇಳಿಸಿ: ಹೊರಬಾಗಿಲಿಗೆ ದಾರಿ ಉಳಿದಿದೆಯೇ, ಮುಚ್ಚಿಹೋದರೆ ಬೇರೆ ತುರ್ತು ದಾರಿ ಯಾವ ಕಿಟಕಿಯಿಂದ? ಎತ್ತಿದಾಗ ಅದರ ಕೆಳಗೆ ನಿಮ್ಮ ಮನೆಯ ಎತ್ತರದವರು ತಲೆ ಬಗ್ಗಿಸದೆ ನಿಲ್ಲುತ್ತಾರೆಯೇ? ಮೇಜನ್ನು ಮಂಚ ಮಾಡುವ ಗಾಡಿಯಾದರೆ ಆ ಕೆಲಸವನ್ನು ನೀವೇ ಮಾಡಿ, ಗಡಿಯಾರ ನೋಡಿಕೊಂಡು. ಐದು ನಿಮಿಷಕ್ಕಿಂತ ಹೆಚ್ಚಾದರೆ, ದಿಂಬಿನ ಜೋಡಣೆ ನೆನಪಿನಲ್ಲಿ ಉಳಿಯದಿದ್ದರೆ, ಒಂದು ವಾರದ ಆಮೇಲೆ ಅದು ಮಂಚವಾಗಿಯೇ ಉಳಿದುಬಿಡುತ್ತದೆ.

ಮನೆಗೆ ಬಂದು ಅಂಗಳದಲ್ಲೋ ದೊಡ್ಡ ಕೋಣೆಯಲ್ಲೋ ಅಂಟುಪಟ್ಟಿಯಿಂದ ಆ ನಕ್ಷೆಯನ್ನು ನಿಜ ಅಳತೆಯಲ್ಲಿ ನೆಲದ ಮೇಲೆ ಬರೆಯಿರಿ. ಗೋಡೆಯಿರುವಲ್ಲಿ ಕುರ್ಚಿ, ಒಲೆಯಿರುವಲ್ಲಿ ರಟ್ಟಿನ ಪೆಟ್ಟಿಗೆ ಇಡಿ. ಒಂದು ಸಂಜೆ ಗೆರೆ ದಾಟದೆ ಅದರೊಳಗೇ ಓಡಾಡಿ. ಎರಡು ನಕ್ಷೆಗಳ ನಡುವೆ ಮನಸ್ಸು ತೂಗುತ್ತಿದ್ದರೆ ಅದೇ ಜೋಡಣೆಯ ಗಾಡಿಯನ್ನು ಮೂರು ರಾತ್ರಿ ಬಾಡಿಗೆಗೆ ಪಡೆಯಿರಿ. ಒಂದು ರಾತ್ರಿ ಸಾಲದು: ಕ್ಯಾಸೆಟ್ ತುಂಬುವುದು, ಒದ್ದೆ ಟವೆಲ್ ಒಣಗಿಸಲು ಜಾಗ ಸಿಗದಿರುವುದು ಗೊತ್ತಾಗುವುದು ಮೂರನೆಯ ದಿನ.